ಧಣಿ ಒಳ್ಳೆಯವರಾದರೆ ಸಾಕೇ?

"ನಮ್ಮ ಧಣಿ ದೇವರಂಥವರು. ನಮಗೆ ಸಂಘ ಏಕೆ?"

ಸದಸ್ಯತ್ವದ ರಸೀದಿ ಪುಸ್ತಕ ಹಿಡಿದು ಹೋಟೆಲುಗಳ ಹಿಂಬಾಗಿಲಿಗೆ ಹೋದಾಗಲೆಲ್ಲ ನನಗೆ ಸಿಗುವ ಉತ್ತರ ಇದು. ಮಧ್ಯಾಹ್ನದ ಊಟದ ಗದ್ದಲ ಮುಗಿದು, ಸಂಜೆಯ ಚಹಾಕ್ಕೆ ಇನ್ನೂ ಹೊತ್ತಿರುವಾಗ, ಹಿಂದಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತ ಹುಡುಗರು ಇದನ್ನು ನಗುನಗುತ್ತ ಹೇಳುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಊರಿಗೆ ಹೋಗುವಾಗ ಧಣಿಗಳು ಬಸ್ಸಿನ ಖರ್ಚು ಕೊಟ್ಟಿದ್ದಾರೆ. ತಂಗಿಯ ಮದುವೆಗೆ ಕೈಗಡ ಕೊಟ್ಟಿದ್ದಾರೆ. ಜ್ವರ ಬಂದಾಗ ಡಾಕ್ಟರ ಬಳಿಗೆ ಕಳಿಸಿದ್ದಾರೆ. ಇಂಥವರಿರುವಾಗ ಸಂಘಕ್ಕೆ ಸೇರುವುದೆಂದರೆ ಉಂಡ ಮನೆಗೆ ಎರಡು ಬಗೆದಂತೆ ಎಂದು ಅವರ ಭಾವನೆ.

ಆ ಹುಡುಗರ ಜೊತೆ ವಾದ ಮಾಡಲು ನನಗೆ ಮನಸ್ಸಿಲ್ಲ. ವಾದದಿಂದ ಯಾರೂ ಸಂಘಕ್ಕೆ ಬರುವುದಿಲ್ಲ. ಅದರ ಬದಲು ಒಂದು ಕಥೆ ಹೇಳುತ್ತೇನೆ. ಇದು ನಮ್ಮೂರಿನದಲ್ಲ, ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನದು. ಆದರೆ ನಡೆದ ಕಥೆ. ಧಣಿಯ ಹೆಸರು ಮಾಂಟೇಗ್ ಬರ್ಟನ್. ಅವರಿಗಿಂತ ಒಳ್ಳೆಯ ಧಣಿಯನ್ನು ನಾನು ಪುಸ್ತಕದಲ್ಲಿಯೂ ಕಂಡಿಲ್ಲ. ಆದುದರಿಂದಲೇ ಅವರ ಕಥೆಯನ್ನು ಆರಿಸಿಕೊಂಡಿದ್ದೇನೆ. ಕೆಟ್ಟ ಧಣಿಯ ಕಥೆ ಹೇಳಿ ಸಂಘ ಬೇಕೆನ್ನುವುದು ಸುಲಭ. ಒಳ್ಳೆಯ ಧಣಿಯ ಕಥೆ ಹೇಳಿ ಅದನ್ನೇ ತೋರಿಸಬೇಕು.

ಈ ಹೆಸರು ನನಗೆ ಪರಿಚಯವಾದದ್ದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ನಮ್ಮ ಊರ ಗೆಳೆಯನಿಂದ. ಯಾರೋ ಹಿರಿಯರು ತಮ್ಮ ತಂದೆಯ ಕಾಲದ ಉಣ್ಣೆಯ ಕೋಟೊಂದನ್ನು ಶುಚಿಮಾಡಲು ಕೊಟ್ಟಿದ್ದರು. ಒಳಗಿನ ಕಿಸೆಯ ಮೇಲಿನ ಪಟ್ಟಿಯಲ್ಲಿ "ಮಾಂಟೇಗ್ ಬರ್ಟನ್" ಎಂದು ಹೆಣೆದಿತ್ತು. ಅಷ್ಟು ಹಳೆಯ ಕೋಟಿನ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. "ಇದನ್ನು ಹೊಲಿದವರು ಯಾರು ಮಾರಾಯ, ತಿಳಿದು ಹೇಳು" ಎಂದ ಗೆಳೆಯ. ಏಳನೆಯ ಇಯತ್ತೆಯ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಇಷ್ಟು ಓದಿನ ಬಲದಿಂದ ಹುಡುಕುತ್ತ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಹದಿನೈದರ ಹುಡುಗ

ಬರ್ಟನ್ ಹುಟ್ಟು ಇಂಗ್ಲಿಷರಲ್ಲ. 1885ರಲ್ಲಿ, ಆಗ ರಷ್ಯದ ಚಕ್ರವರ್ತಿಯ ಕೈಕೆಳಗಿದ್ದ ಲಿಥುವೇನಿಯದಲ್ಲಿ, ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದವರು. ಹುಟ್ಟು ಹೆಸರು ಮೇಶೆ ಡೇವಿಡ್ ಓಸಿನ್‌ಸ್ಕಿ. ರಷ್ಯದಲ್ಲಿ ಯಹೂದಿಗಳ ಮೇಲೆ ಹಲ್ಲೆ, ಲೂಟಿ, ಕಟ್ಟುಪಾಡುಗಳು ಹೆಚ್ಚಿದಾಗ ಲಕ್ಷಗಟ್ಟಲೆ ಜನ ಊರು ಬಿಟ್ಟರು. 1900ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಈ ಹುಡುಗನೂ ಒಬ್ಬನೇ ಇಂಗ್ಲೆಂಡಿಗೆ ಬಂದ. ಭಾಷೆ ಬಾರದು, ಗುರುತಿನವರು ಕಡಮೆ. ಮೊದಲು ತಲೆಹೊರೆ ಹೊತ್ತು ಬೀದಿ ಬೀದಿ ಅಲೆದು ಸಣ್ಣಪುಟ್ಟ ಸಾಮಾನು ಮಾರಿದ. ಮೂರು ನಾಲ್ಕು ವರ್ಷಗಳಲ್ಲಿ, ಬಂಧುವೊಬ್ಬರಿಂದ ನೂರು ಪೌಂಡು ಸಾಲ ತಂದು ಚೆಸ್ಟರ್‌ಫೀಲ್ಡ್ ಎಂಬ ಊರಿನಲ್ಲಿ ಸಿದ್ಧ ಉಡುಪಿನ ಅಂಗಡಿ ತೆರೆದ.

ನಮ್ಮ ಓದುಗರಲ್ಲಿ ಹಲವರು ಇದನ್ನು ಓದಿ ನಗುತ್ತಿರಬಹುದು. ಹದಿನೈದರಲ್ಲಿಯೇ ಅಲ್ಲವೇ ನಾವೂ ಗಾಡಿ ಹತ್ತಿ ಮುಂಬಯಿಗೆ ಬಂದದ್ದು? ನಾನಂತೂ ಒಂದು ಅಂಗಿ, ಒಂದು ಚಡ್ಡಿ, ಅಮ್ಮ ಕಟ್ಟಿಕೊಟ್ಟ ಅವಲಕ್ಕಿಯ ಗಂಟು ಹಿಡಿದು ಬಂದವನು. ನಮ್ಮ ಧಣಿಗಳಲ್ಲಿಯೂ ಅನೇಕರು ಹೀಗೆಯೇ ಬಂದು, ಮಾಣಿಯಾಗಿ ಟೇಬಲು ಒರೆಸಿ, ಗಲ್ಲಾದವರೆಗೆ ಏರಿದವರು. ಅವರ ದುಡಿಮೆಯನ್ನು ನಾವು ಹೀಗಳೆಯುವುದಿಲ್ಲ. ಹಸಿವನ್ನು ಕಂಡ ಧಣಿಗೆ ಹಸಿದವನ ಮುಖ ಗೊತ್ತಾಗುತ್ತದೆ. ಬರ್ಟನ್ನರಿಗೂ ಗೊತ್ತಾಗುತ್ತಿತ್ತು.

ಕೋಟು ಹೊಲಿಯುವ ಊರು

ಲೀಡ್ಸ್ ಆಗಲೇ ದರ್ಜಿಗಳ ಊರು. 1850ರ ದಶಕದಲ್ಲಿ ಅಲ್ಲಿಯ ಜಾನ್ ಬ್ಯಾರನ್ ಎಂಬವರು ಮರದ ತೆಳು ಹಲಗೆ ಕೊಯ್ಯುವ ಪಟ್ಟಿಗರಗಸವನ್ನು ಕಂಡು, ಅದೇ ರೀತಿ ಬಟ್ಟೆ ಕೊಯ್ಯುವ ಯಂತ್ರ ಮಾಡಿಸಿದರು. ಕತ್ತರಿಯಲ್ಲಿ ಒಂದೊಂದೇ ಕೋಟು ಕತ್ತರಿಸುತ್ತಿದ್ದ ಕಡೆ, ಒಂದರ ಮೇಲೊಂದು ಹಾಸಿದ ಹತ್ತಾರು ಪದರ ಬಟ್ಟೆಯನ್ನು ಒಂದೇ ಸಲ ಕತ್ತರಿಸಲು ಬಂತು. ಹೊಲಿಗೆ ಯಂತ್ರವೂ ಅದೇ ಕಾಲಕ್ಕೆ ಬಂತು. ಸಿದ್ಧ ಉಡುಪಿನ ಉದ್ಯಮ ಬೆಳೆದದ್ದು ಹೀಗೆ.

ಯಂತ್ರ ಬಂದರೂ ಹೊಲಿಯುವವನ ಬೆನ್ನು ನೆಟ್ಟಗಾಗಲಿಲ್ಲ. ರಷ್ಯದಿಂದ ಓಡಿ ಬಂದ ಯಹೂದಿಗಳು ಲೀಡ್ಸಿನ ಲೇಲ್ಯಾಂಡ್ಸ್ ಕೇರಿಯ ಇಕ್ಕಟ್ಟಾದ ಕೋಣೆಗಳಲ್ಲಿ, ಗುತ್ತಿಗೆದಾರರ ಕೈಕೆಳಗೆ, ಬೆಳಗಿನಿಂದ ನಡುರಾತ್ರಿಯವರೆಗೆ ಹೊಲಿದರು. ತಡೆಯಲಾರದೆ 1885ರಲ್ಲಿಯೂ 1888ರಲ್ಲಿಯೂ ಮುಷ್ಕರ ಹೂಡಿದರು. ಇಂಗ್ಲಿಷ್ ಸರಿಯಾಗಿ ಬಾರದ, ಪರದೇಶದಿಂದ ಬಂದ ಜನ ಸಂಘ ಕಟ್ಟಿದ್ದು ಸಾಮಾನ್ಯ ಸಂಗತಿಯಲ್ಲ. "ನಾವು ಹೊರಗಿನವರು, ನಮಗೆ ಏಕೆ ಗಲಾಟೆ" ಎನ್ನುವ ನಮ್ಮವರು ಇದನ್ನು ನೆನಪಿಡಬೇಕು.

ಇಂಥ ಬೆವರು ಸುರಿಸುವ ಕಸುಬುಗಳಿಗಾಗಿಯೇ 1909ರಲ್ಲಿ ಬ್ರಿಟನ್ನು ಟ್ರೇಡ್ ಬೋರ್ಡ್ಸ್ ಕಾನೂನು ಮಾಡಿತು. ದರ್ಜಿ ಕೆಲಸ, ಸರಪಣಿ ಮಾಡುವ ಕೆಲಸ, ಕಾಗದದ ಪೆಟ್ಟಿಗೆ, ಲೇಸು ಎಂಬ ನಾಲ್ಕು ಕಸುಬುಗಳಿಗೆ ಮೊದಲು ಕನಿಷ್ಠ ಕೂಲಿ ಗೊತ್ತುಮಾಡುವ ಏರ್ಪಾಡಾಯಿತು. ಮಾಲಿಕರು, ಕೆಲಸಗಾರರು, ಹೊರಗಿನ ಮಧ್ಯಸ್ಥರು ಒಂದೇ ಮೇಜಿನ ಮುಂದೆ ಕುಳಿತು ದರ ನಿರ್ಣಯಿಸುವುದು ಅದರ ಕ್ರಮ. ನಮ್ಮ ದೇಶದ 1948ರ ಕನಿಷ್ಠ ವೇತನ ಕಾನೂನಿನಲ್ಲಿಯೂ ಇಂಥದೇ ಮೂವರ ಸಮಿತಿಯ ಪದ್ಧತಿ ಬಂತು ಎಂಬುದನ್ನು ಹೋಟೆಲ್ ಕೆಲಸಗಾರರು ಬಲ್ಲರು.

ಎಂಟು ಸಾವಿರ ಜನರ ಊಟದ ಮನೆ

ಬರ್ಟನ್ನರ ಯುಕ್ತಿ ಹೀಗಿತ್ತು. ಅಂಗಡಿಯಲ್ಲಿ ಗಿರಾಕಿಯ ಅಳತೆ ತೆಗೆಯುವುದು. ಅಳತೆಯ ಚೀಟಿ ಲೀಡ್ಸಿನ ಕಾರಖಾನೆಗೆ ಹೋಗುವುದು. ಅಲ್ಲಿ ಅವನ ಮೈಗೆ ತಕ್ಕಂತೆ ಬಟ್ಟೆ ಕತ್ತರಿಸಿ, ತೋಳು ಒಬ್ಬಳು, ಕಾಲರು ಒಬ್ಬಳು, ಗುಂಡಿಯ ಕಾಜು ಇನ್ನೊಬ್ಬಳು ಎಂದು ಹಂಚಿ ಹೊಲಿಯುವುದು. ಸಿದ್ಧವಾದ ಸೂಟು ಅಂಗಡಿಗೆ ಮರಳುವುದು. ದೊಡ್ಡ ಹೋಟೆಲಿನ ಅಡಿಗೆ ಮನೆಯಲ್ಲಿ ಅರೆಯುವವನು ಬೇರೆ, ದೋಸೆ ಹುಯ್ಯುವವನು ಬೇರೆ, ಚಟ್ನಿಯವನು ಬೇರೆ ಇರುವಂತೆ. ಇದರಿಂದ, ಶ್ರೀಮಂತರು ಮಾತ್ರ ತೊಡುತ್ತಿದ್ದ ಅಳತೆಯ ಸೂಟು ಗಣಿಯ ಕೂಲಿಗೂ ಗುಮಾಸ್ತನಿಗೂ ದೊರೆಯುವ ಬೆಲೆಗೆ ಬಂತು. ಭಾನುವಾರ ಮೈಮೇಲೆ ಒಳ್ಳೆಯ ಕೋಟು ಹಾಕಿ ನಡೆದ ಬಡವನ ಬೆನ್ನು ಎಷ್ಟು ನೆಟ್ಟಗಾಗಿರಬೇಕು!

1921ರಲ್ಲಿ ಬರ್ಟನ್ನರು ಲೀಡ್ಸಿನ ಹಡ್ಸನ್ ರಸ್ತೆಯ ಕಾರಖಾನೆಯನ್ನು ಕೊಂಡರು. ಅದು ಬೆಳೆದು ಯುರೋಪಿನಲ್ಲಿಯೇ ಅತಿ ದೊಡ್ಡ ಉಡುಪಿನ ಕಾರಖಾನೆಯಾಯಿತು. 1930ರ ದಶಕದಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ದುಡಿಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರು. 1929ರಲ್ಲಿ ಷೇರುಗಳನ್ನು ಸಾರ್ವಜನಿಕರಿಗೆ ಮಾರುವ ಹೊತ್ತಿಗೆ ಕಂಪೆನಿಯ ಅಂಗಡಿಗಳು 400ರಷ್ಟಿದ್ದವು. ಎಷ್ಟೋ ಅಂಗಡಿಗಳ ಮೇಲಿನ ಅಂತಸ್ತಿನಲ್ಲಿ ಬಿಲಿಯರ್ಡ್ಸ್ ಆಡುವ ಮನೆ ಇತ್ತು; ಆಡಲು ಬರುವ ತರುಣ ಕೆಳಗಿನ ಗಾಜಿನಲ್ಲಿ ಸೂಟನ್ನು ನೋಡದೆ ಮೆಟ್ಟಿಲು ಹತ್ತುವಂತಿರಲಿಲ್ಲ. ವ್ಯಾಪಾರವನ್ನೂ ಅವರು ಬಲ್ಲವರೇ.

ಈಗ ಹೋಟೆಲಿನವನಾದ ನನ್ನ ಕಣ್ಣು ಕುಕ್ಕಿದ ಸಂಗತಿಗೆ ಬರುತ್ತೇನೆ. ಹಡ್ಸನ್ ರಸ್ತೆಯ ಕಾರಖಾನೆಯಲ್ಲಿ ಕೆಲಸಗಾರರಿಗಾಗಿ ಕಟ್ಟಿದ ಊಟದ ಮನೆಯಲ್ಲಿ ಒಂದೇ ಸಲಕ್ಕೆ 8 ಸಾವಿರ ಜನ ಕುಳಿತು ಉಣ್ಣಬಹುದಾಗಿತ್ತು. ಎಂಟು ಸಾವಿರ! ನಾನು ದುಡಿದ ಹೋಟೆಲುಗಳಲ್ಲಿ ಅತಿ ದೊಡ್ಡದಕ್ಕೆ ನೂರಿಪ್ಪತ್ತು ಕುರ್ಚಿ. ಮಧ್ಯಾಹ್ನದ ಒಂದು ಗಂಟೆಗೆ ಅದನ್ನು ಸಂಭಾಳಿಸುವಾಗಲೇ ನಮ್ಮ ಪ್ರಾಣ ಬಾಯಿಗೆ ಬರುತ್ತಿತ್ತು. ಎಂಟು ಸಾವಿರ ತಟ್ಟೆ ಯಾರು ಬಡಿಸಿದರು, ಎಂಟು ಸಾವಿರ ತಟ್ಟೆ ಯಾರು ತೊಳೆದರು ಎಂದು ರಾತ್ರಿ ಮಲಗಿದಾಗಲೂ ಯೋಚಿಸಿದ್ದೇನೆ. ಉಣ್ಣುವವನ ಲೆಕ್ಕ ಎಲ್ಲರೂ ಬರೆಯುತ್ತಾರೆ; ತೊಳೆಯುವವನ ಲೆಕ್ಕ ಯಾರೂ ಬರೆಯುವುದಿಲ್ಲ.

ಊಟದ ಮನೆಯೊಂದೇ ಅಲ್ಲ. ಹಲ್ಲಿನ ವೈದ್ಯರು, ಕಣ್ಣಿನ ವೈದ್ಯರು, ದಿನವಿಡೀ ನಿಂತವರ ಕಾಲು ನೋಡುವವರು, ಎಲ್ಲರೂ ಕಾರಖಾನೆಯಲ್ಲಿಯೇ ಸಿಗುತ್ತಿದ್ದರು. ಸಂಘದೊಡನೆ ಮಾತನಾಡುವುದನ್ನು ಬರ್ಟನ್ನರು ಅವಮಾನವೆಂದು ಎಣಿಸಲಿಲ್ಲ. ಮಾಲಿಕ ಮತ್ತು ಕೆಲಸಗಾರರ ನಡುವಿನ ಸಂಬಂಧ ಒಂದು ಶಾಸ್ತ್ರವೆಂದು ತಿಳಿದು, ಕೇಂಬ್ರಿಜ್, ಲೀಡ್ಸ್, ಕಾರ್ಡಿಫ್ ವಿಶ್ವವಿದ್ಯಾನಿಲಯಗಳಲ್ಲಿ ಅದನ್ನು ಕಲಿಸುವ ಪ್ರಾಧ್ಯಾಪಕ ಪೀಠಗಳಿಗೆ ಹಣ ಕೊಟ್ಟರು. 1931ರಲ್ಲಿ ಸರ್ಕಾರ ಅವರಿಗೆ "ಸರ್" ಪದವಿ ಕೊಟ್ಟದ್ದೂ ಕೈಗಾರಿಕೆಯಲ್ಲಿ ಸೌಹಾರ್ದ ಬೆಳೆಸಿದ ಸೇವೆಗಾಗಿ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಸಮವಸ್ತ್ರಗಳಲ್ಲಿ ಕಾಲು ಭಾಗದಷ್ಟು ಬರ್ಟನ್ ಕಂಪೆನಿಯವು. ಯುದ್ಧ ಮುಗಿದ ಮೇಲೆ, ಸೈನ್ಯದಿಂದ ಬಿಡುಗಡೆಯಾದವರಿಗೆ ಸರ್ಕಾರ ಕೊಟ್ಟ ಸೂಟುಗಳಲ್ಲಿ ಮೂರನೆಯ ಒಂದು ಭಾಗವೂ ಅವರದೇ. 1952ರಲ್ಲಿ ಲೀಡ್ಸಿನಲ್ಲಿ ಔತಣವೊಂದರ ನಂತರ ಭಾಷಣ ಮಾಡುತ್ತಿರುವಾಗಲೇ ಸರ್ ಮಾಂಟೇಗ್ ಬರ್ಟನ್ ತೀರಿಕೊಂಡರು. ತಲೆಹೊರೆ ಹೊತ್ತು ಬಂದ ಹುಡುಗ ದೇಶದ ಗಂಡಸರಿಗೆಲ್ಲ ಉಡಿಸಿ ತೊಡಿಸಿ ಹೋದ.

ಇಂಥ ಧಣಿ ನಮಗೆ ಸಿಕ್ಕಿದ್ದರೆ ನಾವೂ "ದೇವರಂಥವರು" ಎನ್ನುತ್ತಿದ್ದೆವಲ್ಲವೇ? ಅಂದದ್ದು ತಪ್ಪೂ ಆಗುತ್ತಿರಲಿಲ್ಲ. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ.

ಒಂದು ಶಿಲ್ಲಿಂಗಿನ ಜಗಳ

ಧಣಿ ತೀರಿಕೊಂಡು ಹದಿನೆಂಟು ವರ್ಷಗಳಾಗುವುದರೊಳಗೆ, 1970ರ ಫೆಬ್ರವರಿಯಲ್ಲಿ, ಲೀಡ್ಸಿನ ಉಡುಪಿನ ಕಾರಖಾನೆಗಳ ಹೆಂಗಸರು ಬೀದಿಗಿಳಿದರು. ಸಂಘದ ಮುಖಂಡರು ಮಾಲಿಕರೊಡನೆ ಒಪ್ಪಂದ ಮಾಡಿಕೊಂಡು ಬಂದಿದ್ದರು: ಗಂಟೆಗೆ ಗಂಡಸರಿಗೆ ಐದು ಪೆನ್ಸು ಹೆಚ್ಚು, ಹೆಂಗಸರಿಗೆ ನಾಲ್ಕು ಪೆನ್ಸು ಹೆಚ್ಚು. ಅದೇ ಬಟ್ಟೆ, ಅದೇ ಯಂತ್ರ, ಅದೇ ಗಂಟೆ. ಹೆಣ್ಣಿನ ಕೈಗೆ ಒಂದು ಪೆನ್ನಿ ಕಡಮೆ ಏಕೆ? "ಎಲ್ಲರಿಗೂ ಗಂಟೆಗೆ ಒಂದು ಶಿಲ್ಲಿಂಗು" ಎಂಬುದು ಅವರ ಬೇಡಿಕೆಯಾಯಿತು. ಆಗಿನ ಲೆಕ್ಕದಲ್ಲಿ ಶಿಲ್ಲಿಂಗಿಗೆ ಹನ್ನೆರಡು ಪೆನ್ಸು.

ಒಂದು ಕಾರಖಾನೆಯವರು ಇನ್ನೊಂದರ ಬಾಗಿಲಿಗೆ ನಡೆದು ಹೋಗಿ ಕರೆದರು. ಅವರು ಮತ್ತೊಂದರ ಬಾಗಿಲಿಗೆ. ಹೀಗೆ ಸುಮಾರು 20 ಸಾವಿರ ಜನ ಹೊರಬಂದರು. ಸಂಘದ ಅಪ್ಪಣೆ ಇರಲಿಲ್ಲ. ಕೆಲವು ವಾರ ನಡೆದು ಒಡಕು ಹುಟ್ಟಿತು. ಪೂರ್ಣ ಜಯ ಕೈಗೆ ಬರದೆ ಜನ ಕೆಲಸಕ್ಕೆ ಮರಳಿದರು. ಈ ಹೋರಾಟದ ಮೇಲೆ ಕಾಲಿನ್ ವೆಲೆಂಡ್ ಎಂಬವರು ಬರೆದ ನಾಟಕ 1974ರಲ್ಲಿ ಬಿ.ಬಿ.ಸಿ.ಯ ಟೆಲಿವಿಷನ್ನಿನಲ್ಲಿ ಬಂತು. ಅದೇ 1970ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸಮಾನ ವೇತನದ ಕಾನೂನು ಮಾಡಿತು. ಅದು ಜಾರಿಗೆ ಬಂದದ್ದು 1975ರ ಕೊನೆಯಲ್ಲಿ.

ಈ ಭಾಗವನ್ನು ಬರೆಯುವಾಗ ನನಗೇ ಸ್ವಲ್ಪ ಮುಜುಗರವಾಯಿತು. ಏಕೆಂದರೆ ಇಲ್ಲಿ ಪೆಟ್ಟು ಬಿದ್ದದ್ದು ಮಾಲಿಕನಿಗೆ ಮಾತ್ರ ಅಲ್ಲ, ಸಂಘದವರಿಗೂ. ಸದಸ್ಯರನ್ನು ಕೇಳದೆ ಒಪ್ಪಂದಕ್ಕೆ ಸಹಿ ಹಾಕಿದರೆ ಸಂಘವೂ ಇನ್ನೊಬ್ಬ ಧಣಿಯಾಗುತ್ತದೆ. ನಮ್ಮಲ್ಲಿಯೂ ಪಾತ್ರೆ ತೊಳೆಯುವವರನ್ನು, ತರಕಾರಿ ಹೆಚ್ಚುವ ಹೆಂಗಸರನ್ನು ಸಭೆಗೆ ಕರೆಯುವುದನ್ನು ಎಷ್ಟು ಸಲ ಮರೆತಿದ್ದೇವೆ? ನಾನು ಮರೆತಿದ್ದೇನೆ. ತಪ್ಪು ಒಪ್ಪಿಕೊಳ್ಳುತ್ತೇನೆ.

ಲೀಡ್ಸಿನ ಹೆಂಗಸರನ್ನು ನೆನೆದಾಗ ನನಗೆ ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನೆನಪಾಗುತ್ತಾರೆ. ಬ್ರಿಟನ್ನಿನ ಅಂಗಡಿಗಳಿಗೆ ಹೋಗುವ ಷರಟು, ಪ್ಯಾಂಟುಗಳನ್ನು ಹೊಲಿಯುವವರಲ್ಲಿ ಇಂದು ಅವರೂ ಇದ್ದಾರೆ. ಪ್ರಾವಿಡೆಂಟ್ ಫಂಡಿನಲ್ಲಿ ಮಾಲಿಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯಬಾರದೆಂಬ ನಿಯಮ ಬಂದಾಗ, 2016ರ ಏಪ್ರಿಲಿನಲ್ಲಿ, ಅವರು ಯಾವ ಮುಖಂಡನಿಗೂ ಕಾಯದೆ ಸಾವಿರ ಸಾವಿರವಾಗಿ ರಸ್ತೆಗೆ ಬಂದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅವರು ಕೇಳಿದ್ದು ದಾನವಲ್ಲ. ತಮ್ಮ ಹೆಸರಿನಲ್ಲಿ ಬರೆದಿಟ್ಟ ಹಣ. ಬರೆದಿಟ್ಟದ್ದರಿಂದಲೇ ಕೇಳಲು ಬಾಯಿ ಬಂತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೆಸರು ಮಾತ್ರ ಉಳಿಯಿತು

ಬರ್ಟನ್ ಕಂಪೆನಿಯ ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1966ರಲ್ಲಿ ಕಾಲ್ಚೆಂಡಿನ ವಿಶ್ವಕಪ್ಪು ಗೆದ್ದ ಇಂಗ್ಲೆಂಡಿನ ತಂಡ ತೊಟ್ಟದ್ದು ಬರ್ಟನ್ ಸೂಟು. ಆದರೆ ಕಾಲ ಬದಲಾಗುತ್ತಿತ್ತು. ತರುಣರು ಸೂಟು ಬಿಟ್ಟು ಜೀನ್ಸಿಗೆ ತಿರುಗಿದರು. ಅಗ್ಗದ ಕೂಲಿಯ ದೇಶಗಳಿಂದ ಅಗ್ಗದ ಬಟ್ಟೆ ಬಂತು. 1970ರ ದಶಕದಲ್ಲಿ ಕೆಲಸಗಾರರನ್ನು ಇಳಿಸುತ್ತ ಬಂದ ಕಂಪೆನಿ 1980ರ ದಶಕದಲ್ಲಿ ತಾನೇ ಹೊಲಿಯುವುದನ್ನು ಬಿಟ್ಟಿತು. ಎಂಟು ಸಾವಿರ ಜನ ಉಣ್ಣುತ್ತಿದ್ದ ಮನೆಯಲ್ಲಿ ತಟ್ಟೆಯ ಸದ್ದು ನಿಂತಿತು. ಉಳಿದದ್ದು ಅಂಗಡಿಗಳು. 1985ರಲ್ಲಿ ಬರ್ಟನ್ ಕೂಟ ಡೆಬೆನ್‌ಹ್ಯಾಮ್ಸ್ ಎಂಬ ದೊಡ್ಡ ಅಂಗಡಿಗಳ ಕಂಪೆನಿಯನ್ನು ಕೊಂಡಿತು, 1998ರಲ್ಲಿ ಬಿಟ್ಟುಕೊಟ್ಟಿತು. ಆಮೇಲೆ ಕೂಟದ ಹೆಸರೇ ಆರ್ಕೇಡಿಯ ಎಂದಾಯಿತು.

2002ರಲ್ಲಿ ಆರ್ಕೇಡಿಯವನ್ನು ಫಿಲಿಪ್ ಗ್ರೀನ್ ಎಂಬ ವ್ಯಾಪಾರಿ ಕೊಂಡರು. 2005ರಲ್ಲಿ ಕಂಪೆನಿ ಸಾಲ ಎತ್ತಿ ಲಾಭಾಂಶ ಹಂಚಿತು. ಅದರಲ್ಲಿ 120 ಕೋಟಿ ಪೌಂಡು ಮೊನಾಕೋದಲ್ಲಿ ವಾಸವಾಗಿದ್ದ ಅವರ ಹೆಂಡತಿಯ ಪಾಲಿಗೆ ಹೋಯಿತು. ಕಾನೂನಿನ ಪ್ರಕಾರ ತಪ್ಪಿರಲಿಲ್ಲ. ಮರುವರ್ಷ, 2006ರಲ್ಲಿ, ಗ್ರೀನರಿಗೂ "ಸರ್" ಪದವಿ ಬಂತು. ಅವರದೇ ಇನ್ನೊಂದು ಕಂಪೆನಿ ಬಿ.ಎಚ್.ಎಸ್. ಎಂಬುದು. ಅದನ್ನು 2015ರಲ್ಲಿ ಒಂದು ಪೌಂಡಿಗೆ ಮಾರಿದರು. ಮರುವರ್ಷ ಅದು ಮುಳುಗಿತು. 11 ಸಾವಿರ ಜನರ ಕೆಲಸ ಹೋಯಿತು. ಪೆನ್ಷನ್ ನಿಧಿಯಲ್ಲಿ 57 ಕೋಟಿ ಪೌಂಡಿನಷ್ಟು ಕೊರತೆ ಕಂಡಿತು. ಪಾರ್ಲಿಮೆಂಟಿನಲ್ಲಿ ಗದ್ದಲವಾಗಿ, ಪೆನ್ಷನ್ ಅಧಿಕಾರಿಗಳು ಪಟ್ಟು ಹಿಡಿದ ಮೇಲೆ, 2017ರಲ್ಲಿ ಗ್ರೀನ್ 36 ಕೋಟಿಗೂ ಮಿಕ್ಕಿ ಕೊಟ್ಟರು.

2020ರ ನವೆಂಬರ್ 30ರಂದು ಆರ್ಕೇಡಿಯವೂ ಕುಸಿಯಿತು. 2021ರ ಫೆಬ್ರವರಿಯಲ್ಲಿ ಬರ್ಟನ್ನನ್ನೂ ಇನ್ನೆರಡು ಹೆಸರುಗಳನ್ನೂ ಸೇರಿಸಿ ಸುಮಾರು 2 ಕೋಟಿ 52 ಲಕ್ಷ ಪೌಂಡಿಗೆ ಬೂಹೂ ಎಂಬ ಕಂಪೆನಿ ಕೊಂಡಿತು. ಕೊಂಡದ್ದು ಹೆಸರು ಮತ್ತು ಸರಕು. ಅಂಗಡಿಗಳನ್ನು ಕೊಳ್ಳಲಿಲ್ಲ, ಜನರನ್ನು ಕೊಳ್ಳಲಿಲ್ಲ. ಸುಮಾರು 2,450 ಜನ ಕೆಲಸ ಕಳೆದುಕೊಂಡರು. ಇಂದು ಬರ್ಟನ್ ಎಂಬುದು ಮೊಬೈಲಿನ ಪರದೆಯ ಮೇಲಿನ ಒಂದು ಹೆಸರು.

ಬೂಹೂ ಕಂಪೆನಿಯ ವಿಷಯವನ್ನೂ ಒಂದಿಷ್ಟು ಕೇಳಿ. 2020ರ ಜುಲೈಯಲ್ಲಿ, ಅದಕ್ಕೆ ಬಟ್ಟೆ ಒದಗಿಸುತ್ತಿದ್ದ ಲೆಸ್ಟರ್ ಊರಿನ ಹೊಲಿಗೆ ಕೋಣೆಗಳಲ್ಲಿ ಗಂಟೆಗೆ ಮೂರೂವರೆ ಪೌಂಡು ಮಾತ್ರ ಕೊಡುತ್ತಾರೆಂದು ಪತ್ರಿಕೆಗಳು ಬರೆದವು. ದೇಶದ ಕಾನೂನಿನ ಕನಿಷ್ಠ ಕೂಲಿ ಆಗ 8 ಪೌಂಡು 72 ಪೆನ್ಸು. ಕಂಪೆನಿ ತಾನೇ ಒಬ್ಬ ವಕೀಲರನ್ನು ನೇಮಿಸಿ ವಿಚಾರಣೆ ಮಾಡಿಸಿತು. ಲೆಸ್ಟರಿನ ಕಾರಖಾನೆಗಳ ಸ್ಥಿತಿಯನ್ನೂ ಕೂಲಿಯನ್ನೂ ಕುರಿತ ದೂರುಗಳು ಬಹುಮಟ್ಟಿಗೆ ನಿಜ ಎಂದು ಅದೇ ವರ್ಷ ಸೆಪ್ಟೆಂಬರಿನಲ್ಲಿ ವರದಿ ಬಂತು. ಕಂಪೆನಿ ಅಪರಾಧವೆಸಗಿಲ್ಲವೆಂದೂ ವರದಿ ಹೇಳಿತು. ಸರಿಪಡಿಸುತ್ತೇವೆಂದು ಕಂಪೆನಿ ಮಾತು ಕೊಟ್ಟಿತು. 2025ರಲ್ಲಿ ಆ ಕಂಪೆನಿ ತನ್ನ ಹೆಸರನ್ನು ಡೆಬೆನ್‌ಹ್ಯಾಮ್ಸ್ ಕೂಟ ಎಂದು ಬದಲಿಸಿಕೊಂಡಿದೆ. ಹಿಂದೆ ಬರ್ಟನ್ ಡೆಬೆನ್‌ಹ್ಯಾಮ್ಸಿನ ಒಡೆಯ. ಈಗ ಡೆಬೆನ್‌ಹ್ಯಾಮ್ಸ್ ಬರ್ಟನ್ನಿನ ಒಡೆಯ.

ಒಮ್ಮೆ ಯೋಚಿಸಿ ನೋಡಿ. ಕೆಲಸಗಾರರ ಜೊತೆ ಸೌಹಾರ್ದಕ್ಕಾಗಿ "ಸರ್" ಪದವಿ ಪಡೆದವರ ಹೆಸರು, ತೊಂಬತ್ತು ವರ್ಷದ ನಂತರ ಯಾರ ಕೈಗೆ ಹೋಯಿತು! ಸೂಟಿನ ಹೊಲಿಗೆ ಬಿಡಲಿಲ್ಲ. ಧಣಿಯ ಒಳ್ಳೆಯತನದ ಹೊಲಿಗೆ ಬಿಟ್ಟುಹೋಯಿತು. ಒಳ್ಳೆಯತನ ಅವರ ಸ್ವಂತದ್ದಾಗಿತ್ತು. ಹೆಸರು ಮಾರಾಟವಾಗುತ್ತದೆ, ಒಳ್ಳೆಯತನ ಮಾರಾಟವಾಗುವುದಿಲ್ಲ.

ನಮ್ಮ ಭಟ್ಟರ ಕಥೆ

ಇದನ್ನು ನಾನು ಪುಸ್ತಕ ಓದಿ ಮಾತ್ರ ಕಲಿತದ್ದಲ್ಲ. ನಾನು ದುಡಿದ ಹೋಟೆಲೊಂದರಲ್ಲಿ ದೋಸೆಯ ಕಲ್ಲಿನ ಮುಂದೆ ಹತ್ತೊಂಬತ್ತು ವರ್ಷ ನಿಂತ ಭಟ್ಟರೊಬ್ಬರಿದ್ದರು. ಧಣಿಗಳು ಅವರನ್ನು "ಭಟ್ರೇ" ಎಂದು ಬಹುವಚನದಲ್ಲಿಯೇ ಕರೆಯುತ್ತಿದ್ದರು. ಮಗಳ ಮದುವೆಗೆ ಹಣ ಕೊಟ್ಟರು. ಭಟ್ಟರಿಗೆ ಕಾಮಾಲೆಯಾದಾಗ ಎರಡು ತಿಂಗಳ ಸಂಬಳ ಹಿಡಿಯಲಿಲ್ಲ. ಭಟ್ಟರು ಸಂಘದವರನ್ನು ಕಂಡರೆ, "ನಮಗೆ ಧಣಿಗಳೇ ಸಂಘ" ಎನ್ನುತ್ತಿದ್ದರು.

ಧಣಿಗಳು ಒಂದು ದಿನ ಎದೆನೋವಿನಿಂದ ತೀರಿಕೊಂಡರು. ಮಕ್ಕಳಿಗೆ ಹೋಟೆಲು ಬೇಡವಾಗಿತ್ತು. ಎಂಟು ತಿಂಗಳಲ್ಲಿ ಮಾರಿದರು. ಹೊಸಬರು "ನಿಮ್ಮ ಹಿಂದಿನ ಲೆಕ್ಕ ನನಗೆ ಗೊತ್ತಿಲ್ಲ" ಎಂದರು. ಮಕ್ಕಳು "ಅಪ್ಪ ನಿಮಗೆ ಕೊಡಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದಾರೆ" ಎಂದರು. ಇಬ್ಬರ ಮಾತೂ ಒಂದು ರೀತಿಯಲ್ಲಿ ನಿಜ. 1972ರ ಗ್ರ್ಯಾಚುಯಿಟಿ ಕಾನೂನಿನ ಪ್ರಕಾರ, ಐದು ವರ್ಷ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಲೆಕ್ಕ ಹಾಕಿ ಕೊಡಬೇಕಾಗಿತ್ತು. ಹತ್ತೊಂಬತ್ತು ವರ್ಷಕ್ಕೆ ಎಷ್ಟಾಯಿತೆಂದು ನೀವೇ ಲೆಕ್ಕ ಮಾಡಿ. ಆದರೆ ಭಟ್ಟರ ಬಳಿ ನೇಮಕದ ಪತ್ರವಿರಲಿಲ್ಲ, ಸಂಬಳದ ಚೀಟಿಯಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಇದ್ದದ್ದು ಕೊನೆಯ ಎರಡು ವರ್ಷ ಮಾತ್ರ. ಧಣಿಗಳ ಬಾಯಲ್ಲಿ ಎಲ್ಲವೂ ಇತ್ತು. ಆ ಬಾಯಿ ಈಗ ಮುಚ್ಚಿತ್ತು.

ಭಟ್ಟರು ತಮ್ಮ ಸಟ್ಟುಗವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ರಾತ್ರಿಯ ಬಸ್ಸಿಗೆ ಊರಿಗೆ ಹೋದರು. ಅವರನ್ನು ಬಸ್ಸಿಗೆ ಹತ್ತಿಸಲು ಹೋದವನು ನಾನು. ನನಗೆ ಹಾಜರಿ ಪುಸ್ತಕವೆಂದರೆ ಏನೆಂದು ತಿಳಿದದ್ದು ಆ ರಾತ್ರಿ. ಮರುವಾರ ಸಂಘದ ಸದಸ್ಯನಾದೆ.

ಒಂದು ಆಕ್ಷೇಪಣೆ

ಬುದ್ಧಿವಂತ ಗೆಳೆಯರೊಬ್ಬರು ಇದನ್ನೆಲ್ಲ ಕೇಳಿ, "ಬರ್ಟನ್ ಕಾರಖಾನೆಯಲ್ಲಿ ಸಂಘವೂ ಇತ್ತಲ್ಲ, ಕಾರಖಾನೆ ಉಳಿಯಿತೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಉಳಿಯಲಿಲ್ಲ. 1982ರ ಜನವರಿಯಲ್ಲಿ ಹೊರಬಂದ ನಮ್ಮ ಮುಂಬಯಿಯ ಎರಡೂವರೆ ಲಕ್ಷ ಗಿರಣಿ ಕೆಲಸಗಾರರ ಮಹಾ ಮುಷ್ಕರವೂ ಗಿರಣಿಗಳನ್ನು ಉಳಿಸಲಿಲ್ಲ. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ನೆಲದಲ್ಲಿ ಈಗ ಮಾಲ್ ನಿಂತಿದೆ. ಸಂಘವಿದ್ದರೆ ಯಂತ್ರ ನಿಲ್ಲುವುದೇ ಇಲ್ಲ ಎಂದು ನಾನು ಹೇಳಿದರೆ ಅದು ಸುಳ್ಳು. ಸುಳ್ಳು ಹೇಳಿ ಕಟ್ಟಿದ ಸಂಘ ನಿಲ್ಲದು.

ಆದರೆ ಕಾರಖಾನೆ ಮುಚ್ಚುವಾಗ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು ಬೇರೆ ಪ್ರಶ್ನೆ. ಬ್ರಿಟನ್ನಿನಲ್ಲಿ 1965ರಲ್ಲಿಯೇ, ಕೆಲಸದಿಂದ ಇಳಿಸಿದವರಿಗೆ ದುಡಿದ ವರ್ಷಗಳ ಲೆಕ್ಕದಲ್ಲಿ ಹಣ ಕೊಡಬೇಕೆಂಬ ಕಾನೂನಾಗಿತ್ತು. ಬಿ.ಎಚ್.ಎಸ್. ಮುಳುಗಿದಾಗ ಪೆನ್ಷನ್ ನಿಧಿ ಬರೆದಿಟ್ಟದ್ದಾಗಿದ್ದರಿಂದಲೇ ಪಾರ್ಲಿಮೆಂಟು ಕೇಳಿತು, ಗ್ರೀನ್ ಕೊಡಬೇಕಾಯಿತು. ಬೆಂಗಳೂರಿನ ಹೆಣ್ಣುಮಕ್ಕಳ ಪ್ರಾವಿಡೆಂಟ್ ಫಂಡೂ ಹಾಗೆಯೇ. ಇವೆಲ್ಲ ಧಣಿಯ ಮನಸ್ಸಿನಲ್ಲಿದ್ದವಲ್ಲ, ಕಾಗದದಲ್ಲಿದ್ದವು. ಕಾಗದಕ್ಕೆ ತಂದವರು ಸಂಘ ಕಟ್ಟಿದವರು. ಲೆಸ್ಟರಿನ ಹೊಲಿಗೆ ಕೋಣೆಗಳಲ್ಲಿಯಾದರೋ ಕಾನೂನು ಇತ್ತು, ಕೇಳುವ ಬಾಯಿ ಇರಲಿಲ್ಲ. ಆದುದರಿಂದ ಕಾನೂನೂ ಗೋಡೆಯ ಮೇಲಿನ ಕ್ಯಾಲೆಂಡರಾಯಿತು. ಕಾಗದವೂ ಬೇಕು, ಕೇಳುವ ಜನವೂ ಬೇಕು.

ಬರ್ಟನ್ನರ ಊಟದ ಮನೆ ಅವರ ಔದಾರ್ಯದಿಂದ ಬಂತು. ನಮ್ಮ 1948ರ ಫ್ಯಾಕ್ಟರಿ ಕಾನೂನಿನಲ್ಲಿ, 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರಖಾನೆಯಲ್ಲಿ ಕ್ಯಾಂಟೀನು ಇಡಿಸುವ ಅಧಿಕಾರ ಸರ್ಕಾರಕ್ಕೆ ಬಂತು. ಒಂದು ಎಂಟು ಸಾವಿರ ಜನರದು, ಅರಮನೆಯಂಥದು. ಇನ್ನೊಂದು ತಗಡಿನ ಮಾಡಿನದು, ನೀರು ಮಜ್ಜಿಗೆಯದು. ಆದರೂ ಆಯ್ಕೆ ಕೊಟ್ಟರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಏಕೆಂದರೆ ಅಲ್ಲಿ ಅನ್ನ ಹಳಸಿದ್ದರೆ ತಟ್ಟೆ ಎತ್ತಿ ತೋರಿಸಿ ಕೇಳಬಹುದು. ಕೊಟ್ಟವನ ಮನೆಯ ಊಟದಲ್ಲಿ ಹಾಗೆ ಕೇಳಲು ನಾಲಿಗೆ ಬರುವುದಿಲ್ಲ.

ಧಣಿ ಇರುವಾಗಲೇ

ಹಾಗಾದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತ ತಮ್ಮಂದಿರಿಗೆ ನಾನು ಹೇಳುವುದೇನು? ನಿಮ್ಮ ಧಣಿ ಕೆಟ್ಟವರೆಂದು ಹೇಳುವುದಿಲ್ಲ. ಅವರನ್ನು ದ್ವೇಷಿಸಿ ಎಂದೂ ಹೇಳುವುದಿಲ್ಲ. ಒಳ್ಳೆಯವರಾಗಿದ್ದರೆ ಅದು ನಿಮ್ಮ ಪುಣ್ಯ. ಆದರೆ ಒಳ್ಳೆಯ ಧಣಿಗೂ ವಯಸ್ಸಾಗುತ್ತದೆ, ಒಳ್ಳೆಯ ಧಣಿಗೂ ಮಕ್ಕಳಿರುತ್ತಾರೆ, ಒಳ್ಳೆಯ ಧಣಿಯ ಹೋಟೆಲಿನ ನೆಲಕ್ಕೂ ಬಿಲ್ಡರರು ಬೆಲೆ ಕಟ್ಟುತ್ತಾರೆ.

ಆದುದರಿಂದ, ಧಣಿ ಒಳ್ಳೆಯವರಿರುವಾಗಲೇ ನೇಮಕದ ಪತ್ರ ಕೇಳಿ. ಸಂಬಳದ ಚೀಟಿ ಕೇಳಿ. ಹಾಜರಿ ಪುಸ್ತಕದಲ್ಲಿ ಸೇರಿದ ದಿನದಿಂದ ಹೆಸರಿದೆಯೇ ನೋಡಿ. ಪ್ರಾವಿಡೆಂಟ್ ಫಂಡಿನ ನಂಬರು ಬರೆದಿಟ್ಟುಕೊಳ್ಳಿ. ಒಂದು ಪ್ರತಿ ಊರಿನಲ್ಲಿ ಹೆಂಡತಿಯ ಬಳಿಯೋ ಅಮ್ಮನ ಬಳಿಯೋ ಇರಲಿ. ಒಬ್ಬನೇ ಕೇಳಲು ಸಂಕೋಚವಾದರೆ ನಾಲ್ವರು ಸೇರಿ ಕೇಳಿ. ಆ ನಾಲ್ವರಲ್ಲಿ ಪಾತ್ರೆ ತೊಳೆಯುವವನೂ ಇರಲಿ. ಹಾಗೆ ನಾಲ್ವರು ಸೇರುವುದಕ್ಕೇ ಸಂಘವೆಂದು ಹೆಸರು. ಅದಕ್ಕಿಂತ ಹೆಚ್ಚಿನ ಗುಟ್ಟು ಅದರಲ್ಲಿ ಏನೂ ಇಲ್ಲ.

ಧಣಿ ನಿಜವಾಗಿ ದೇವರಂಥವರಾದರೆ ಸಿಟ್ಟಾಗುವುದಿಲ್ಲ. ಬರ್ಟನ್ನರು ಸಿಟ್ಟಾಗಲಿಲ್ಲ. ಬರೆದು ಕೊಡಲು ಸಿಟ್ಟಾದರೆ, ಅವರು ಎಷ್ಟು ಒಳ್ಳೆಯವರೆಂಬುದು ನಿಮಗೆ ಅಂದೇ ತಿಳಿಯುತ್ತದೆ. ಹತ್ತೊಂಬತ್ತು ವರ್ಷ ಕಾಯಬೇಕಾಗಿಲ್ಲ.

ರಸೀದಿ ಪುಸ್ತಕ ಹಿಡಿದು ನಾನು ಮತ್ತೆ ಬರುತ್ತೇನೆ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಹಿಂಬಾಗಿಲಿಗೆ.